ಹಳೆಯ ಕಡ್ಡಿಯ ಹೂವು

ಮೊಳೆಯಿಂದ ಕನ್ನಡಿಯನ್ನು ಬಿಡಿಸಿ ಅವಳು ಎದೆಗೆ ಆನಿಸಿಕೊಂಡಳು. ಸಲೂನಿನ ಕನ್ನಡಿ, ಭಾರ ಜಾಸ್ತಿ. ಮಂಚದ ಮೇಲೆ ಗಂಡ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದ. ಇನ್ನು ಅವನನ್ನು ಯಾವ ಮಗ್ಗುಲಿಗೂ ಹೊರಳಿಸಬೇಕಾಗಿರಲಿಲ್ಲ. ಕನ್ನಡಿಯ ಮುಖವನ್ನು ಗೋಡೆಗೆ ಮಾಡಿ ಬೀರುವಿನ ಹಿಂದೆ ಸರಿಸಿದಳು. ಅದು ಇದ್ದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಮೊಳೆ ಎಳೆದರೂ ಕಿತ್ತು ಬರಲಿಲ್ಲ. ಅದಕ್ಕೆ ಅವನ ಟವೆಲನ್ನು ನೇತುಹಾಕಿ, ಹೋಗಿ ಮುಂಬಾಗಿಲು ತೆರೆದಳು.

ಮೊದಲು ಬಂದವಳು ಅವನ ಅಕ್ಕ. ಮಂಚದ ಕಾಲಬಳಿ ಕೂತು ಅತ್ತಳು. ಅತ್ತು ಸುಧಾರಿಸಿಕೊಂಡ ಮೇಲೆ ತಮ್ಮನ ಕೈ ಹಿಡಿದು ಉಗುರು ನೋಡಿದಳು, ಭುಜ ಎತ್ತಿ ಬೆನ್ನು ನೋಡಿದಳು. ಬಂದವರಿಗೆಲ್ಲ ಅವಳೇ ಹೇಳಿದಳು. ಚಳಿ ಶುರುವಾಗುವ ಹೊತ್ತಿಗೆ ಅಂಗಡಿಯಲ್ಲೇ ಲಕ್ವ ಹೊಡೆದು ಬಿದ್ದವನು, ಬಲಗೈ ಬಲಗಾಲು ಎರಡೂ ಹೋಗಿದ್ದವು, ಅಷ್ಟು ದಿನ ಮಲಗಿದ್ದರೂ ಮೈಮೇಲೆ ಒಂದು ಹುಣ್ಣಿಲ್ಲ.

"ಮಗೂನ ನೋಡ್ಕೊಂಡ ಹಾಗೆ ನೋಡ್ಕೊಂಡಿದ್ದಾಳೆ. ಸುಳ್ಳು ಯಾಕೆ ಹೇಳ್ಲಿ."

ಅದು ನಿಜವೇ ಆಗಿತ್ತು. ಹೊತ್ತಿಗೆ ಸರಿಯಾಗಿ ತಿನ್ನಿಸಿದ್ದಳು, ಒರೆಸಿದ್ದಳು, ಮಗ್ಗುಲು ಬದಲಿಸಿದ್ದಳು.

ಅಂಗಡಿಯಲ್ಲಿ ಎರಡನೇ ಕುರ್ಚಿಯಲ್ಲಿ ಕಟಿಂಗ್ ಮಾಡುತ್ತಿದ್ದವನು ತನ್ನ ಚೀಲ ಹಿಡಿದುಕೊಂಡೇ ಬಂದ. ಗಡ್ಡ ಹೀಗೆ ಬಿಟ್ಟು ಕಳಿಸಿದರೆ ಅಣ್ಣ ಎದ್ದು ಕೂತು ಬಯ್ಯುತ್ತಾರೆ ಎಂದ. ಒಂದಿಬ್ಬರು ನಕ್ಕರು. ಅವನು ಬ್ರಷ್ಷಿನಲ್ಲಿ ನೊರೆ ಎಬ್ಬಿಸಿ ಕೆನ್ನೆಗೆ ಹಚ್ಚಿದ, ತುಟಿಯ ಮೂಲೆಯನ್ನು ಹೆಬ್ಬೆರಳಲ್ಲಿ ಎಳೆದು ಹಿಡಿದು ಕತ್ತಿ ಆಡಿಸಿದ. ಕೆಲಸ ಮುಗಿಸಿ ಏಳುವಾಗ ಬೀರುವಿನ ಹಿಂದೆ ಕನ್ನಡಿಯ ಅಂಚು ಕಂಡಿತು.

"ಅತ್ತಿಗೆ, ಇದು ಅಣ್ಣನ ಕುರ್ಚಿ ಮುಂದಿದ್ದ ಕನ್ನಡಿ ಅಲ್ವಾ? ಇಲ್ಲಿಗೆ ಯಾಕೆ ತಂದಿದ್ರಿ?"

"ಅವರ ಮಂಚದ ಹತ್ತಿರ ಹಾಕಿದ್ದೆ," ಎಂದಳು ಅವಳು.

ಅವನ ಕಣ್ಣು ತುಂಬಿತು. ಕೊನೆಯವರೆಗೂ ಕಸುಬಿನ ಮೇಲಿನ ಆಸೆ ಹೋಗಲಿಲ್ಲ ನೋಡಿ ಎಂದು ಪಕ್ಕದವರಿಗೆ ಹೇಳಿದ. ಅಕ್ಕ ಮತ್ತೆ ಅಳಲು ಶುರುಮಾಡಿದಳು.

ಒಳಗೆ ಸೆಕೆ ಎಂದು ಕೆಲವರು ಅಂಗಳಕ್ಕಿಳಿದರು. ಅಂಗಳವೆಂದರೆ ಮೆಟ್ಟಿಲಿನಿಂದ ಗೇಟಿನವರೆಗಿನ ಇಕ್ಕಟ್ಟು ದಾರಿ, ಒಂದು ಬದಿಗೆ ಕಾಂಪೌಂಡು, ಇನ್ನೊಂದು ಬದಿಗೆ ಕಿಟಕಿಯ ಕೆಳಗೆ ಒಂದು ಗಿಡ. ಸೊಂಟದೆತ್ತರದ ಗಿಡ. ಪ್ರತಿ ಕಡ್ಡಿಯೂ ಬಾಗಿ ದಾರಿಯ ಮೇಲೆ ಒರಗಿತ್ತು, ಬುಡದಿಂದ ತುದಿಯವರೆಗೆ ಬಿಳಿ ಹೂವು, ಎಲೆ ಕಾಣದಷ್ಟು.

"ಇದು ಹೂ ಬಿಡೋ ಗಿಡಾನಾ?" ಎಂದ ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್. "ಇಷ್ಟು ವರ್ಷ ಹಸಿರು ಚೆಂಡು ಅಂದ್ಕೊಂಡಿದ್ದೆ. ಯಜಮಾನ್ರು ತಲೆ ಕಟಿಂಗ್ ಮಾಡಿದ ಹಾಗೆ ದುಂಡಗೆ ಮಾಡಿ ಇಟ್ಟಿರೋರು."

ತಮ್ಮನನ್ನು ಕಳಿಸಿಕೊಡಲೆಂದೇ ಹೂ ಬಿಟ್ಟಿದೆ ಎಂದು ಅಕ್ಕ ಬಾಗಿಲಲ್ಲಿ ನಿಂತು ಹೇಳಿದಳು.

*

ಮದುವೆಯಾದ ಹೊಸದರಲ್ಲಿ ಇಬ್ಬರೂ ಹೋಗಿ ನರ್ಸರಿಯಿಂದ ತಂದ ಗಿಡ ಅದು. ಆಗ ಗೇಣುದ್ದವಿತ್ತು. ನರ್ಸರಿಯ ಹೆಂಗಸು ಹಳೆಯ ಪೇಪರಿನಲ್ಲಿ ಬೇರು ಸುತ್ತಿಕೊಡುತ್ತಾ ಹೇಳಿದ್ದಳು: ಹೆಚ್ಚು ಜಾಗ ಬೇಡ, ಕುಳ್ಳಗೇ ಇರುತ್ತದೆ. ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯುತ್ತದೆ, ಸತ್ತಿದೆ ಎಂದು ಕಿತ್ತುಬಿಡಬೇಡಿ.

"ಆಗ ಕತ್ತರಿ ಮಾತ್ರ ಹಾಕ್ಬೇಡಿ. ಹೂ ಬರೋದು ಹಿಂದಿನ ವರ್ಷದ ಕಡ್ಡೀಲಿ. ಅದನ್ನ ಕತ್ತರಿಸಿದ್ರೆ ಆ ವರ್ಷ ಬರೀ ಎಲೆ."

"ಕತ್ತರಿ ಪಾಠ ನನಗೇನಾ?" ಎಂದು ಅವನು ನಕ್ಕಿದ್ದ. ನಕ್ಕರೂ ಕೇಳಿಸಿಕೊಂಡಿದ್ದ.

ಮೊದಲ ಸಲ ಹೂ ಬಿಟ್ಟ ದಿನ ಅವಳು ಅಂಗಳದಲ್ಲಿ ನಿಂತವಳು ನಿಂತೇ ಇದ್ದಳು. ಒಲೆಯ ಮೇಲಿಟ್ಟದ್ದು ಸೀದು ಹೋಯಿತು. ಊಟಕ್ಕೆ ಬಂದ ಅವನು ಸೀದ ಪಾತ್ರೆ ನೋಡಿದ, ಗಿಡ ನೋಡಿದ, ಅವಳ ಮುಖ ನೋಡಿದ. ಬಯ್ಯಲಿಲ್ಲ. ಚಳಿಗಾಲ ಬಂದಾಗ ದೊಡ್ಡ ಕತ್ತರಿ ತಂದು ಗಿಡವನ್ನು ಸುತ್ತಲೂ ಕತ್ತರಿಸಿದ.

ಆ ವಸಂತದಲ್ಲಿ ಎಲೆ ಮಾತ್ರ ಬಂತು. ಮುಂದಿನ ಚಳಿಗಾಲ ಅವಳು ಕೇಳಿದಳು: "ಇದೊಂದು ವರ್ಷ ಬಿಡ್ತೀರಾ?" ಅವನು ಕತ್ತರಿಗೆ ಎಣ್ಣೆ ಬಿಡುತ್ತಿದ್ದ. ಎಣ್ಣೆ ಒರೆಸಿ ಅಂಗಳಕ್ಕಿಳಿದ. ಅದರ ಮುಂದಿನ ಚಳಿಗಾಲವೂ ಕೇಳಿದಳು, ಆಮೇಲೂ ಕೇಳಿದಳು. ಕೇಳುವುದನ್ನು ಬಿಟ್ಟ ವರ್ಷ ಅವನು ಕತ್ತರಿ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಾ ನಿಂತ. ಅವಳು ಕಿಟಕಿಗೆ ಬರುವವರೆಗೆ ನಿಂತಿದ್ದು, ಆಮೇಲೆ ಒಂದೊಂದೇ ಕಡ್ಡಿಯನ್ನು ನಿಧಾನವಾಗಿ ಕತ್ತರಿಸಿದ.

ಮಕ್ಕಳಾಗಲಿಲ್ಲ. ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಯಾರೋ ಗಿಡದ ಮಾತು ತೆಗೆದರು. ಅವನು ತಟ್ಟೆಯಿಂದ ತಲೆ ಎತ್ತಿ, "ನಮ್ಮನೇಲಿ ಗೊಡ್ಡು ಎರಡು. ಒಂದಕ್ಕೆ ನೀರು ಹಾಕ್ಬೇಕು, ಇನ್ನೊಂದಕ್ಕೆ ಊಟ," ಎಂದ. ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಅವಳು ಬಡಿಸುತ್ತಿದ್ದಳು. ಬಡಿಸುವುದನ್ನು ಮುಂದುವರಿಸಿದಳು.

*

ಅವನನ್ನು ಮಲಗಿಸಿದ ಪೆಟ್ಟಿಗೆ ಎತ್ತಲು ಇಬ್ಬಿಬ್ಬರಂತೆ ನಿಂತಾಗ ದಾರಿ ಸಾಲದೆಂದು ಗೊತ್ತಾಯಿತು. ಕಾಂಪೌಂಡಿಗೂ ಗಿಡಕ್ಕೂ ನಡುವೆ ಒಬ್ಬರು ಹೋಗುವಷ್ಟೇ ಜಾಗ. ಹೂವಿನ ಕಡ್ಡಿಗಳನ್ನು ಕತ್ತರಿಸಿದರಾಯಿತು ಎಂದ ಎರಡನೇ ಕುರ್ಚಿಯವನು. ಅಕ್ಕನಿಗೆ ಅದು ಬಹಳ ಹಿಡಿಸಿತು. ತಮ್ಮ ಇಟ್ಟಿದ್ದ ಹಾಗೇ ಕೊನೆಯ ಸಲ ದುಂಡಗೆ ಮಾಡು, ಅವನ ಜೀವಕ್ಕೂ ಸಮಾಧಾನ ಎಂದಳು. ದೊಡ್ಡ ಕತ್ತರಿ ಎಲ್ಲಿದೆ ಎಂದು ಅಕ್ಕನೇ ಹೇಳಿದಳು. ಅವನು ಹೋಗಿ ತಂದ.

ತಿರುಗಿ ಬರುವಷ್ಟರಲ್ಲಿ ಹೆಂಡತಿ ಮೆಟ್ಟಿಲಿಳಿದು ಗಿಡದ ಮುಂದೆ ನಿಂತಿದ್ದಳು.

"ಇದನ್ನ ಮುಟ್ಟಬೇಡಪ್ಪ."

"ದಾರಿ ಇಲ್ವಲ್ಲ ಅತ್ತಿಗೆ."

"ಹಿಂದಿನ ಬಾಗಿಲಿದೆ."

ಅಕ್ಕ ಮುಂದೆ ಬಂದಳು. "ಹಿಂದೆ ಕಸದ ಡಬ್ಬಿ ಇದೆ ಕಣೇ. ಅಲ್ಲಿಂದ ಕಳಿಸ್ತೀಯಾ ನನ್ನ ತಮ್ಮನ್ನ?"

"ಡಬ್ಬಿ ನಾನು ಸರಿಸ್ತೀನಿ, ಅಕ್ಕಾ."

ಅಕ್ಕನ ದನಿ ಮೆತ್ತಗಾಯಿತು. ವರ್ಷಾ ವರ್ಷ ತಾನೇ ಕೈಯಾರೆ ಕತ್ತರಿಸಿ ಇಷ್ಟು ಮಾಡಿದ್ದಾನೆ, ಅವನ ಗಿಡ ಅವನಿಗೆ ದಾರಿ ಬಿಡಬಾರದೇ ಎಂದಳು.

"ಹೌದು," ಎಂದಳು ಅವಳು. "ವರ್ಷಾ ವರ್ಷ ಕತ್ತರಿಸಿದ್ರು."

ಅಷ್ಟೇ ಹೇಳಿ ನಿಂತೇ ಇದ್ದಳು. ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಯಾರೋ ಹಿಂದಿನಿಂದ ಅಂದರು. ಎರಡನೇ ಕುರ್ಚಿಯವನು ಕತ್ತರಿಯನ್ನು ಮೆಟ್ಟಿಲ ಮೇಲೆ ಇಟ್ಟ.

ಪೆಟ್ಟಿಗೆ ಅಡುಗೆಮನೆಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಓರೆ ಮಾಡಿದಾಗ ಒಳಗೆ ಅವನ ತಲೆ ಪಕ್ಕಕ್ಕೆ ಜಾರಿ ಹಲಗೆಗೆ ತಗುಲಿದ ಸದ್ದು ಎಲ್ಲರಿಗೂ ಕೇಳಿಸಿತು. ಬಸ್ ಡ್ರೈವರ್ ಹಿತ್ತಲಲ್ಲಿ ಹಿಮ್ಮುಖವಾಗಿ ನಡೆಯುತ್ತಾ ಕೈ ಬೀಸುತ್ತಿದ್ದ: "ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ, ಬರ್ಲಿ, ಬರ್ಲಿ." ಅವಳು ಡಬ್ಬಿಗಳನ್ನು ಒಂದೊಂದಾಗಿ ಎಳೆದು ಗೋಡೆಗೆ ಸೇರಿಸಿದಳು. ಒಂದರ ಮುಚ್ಚಳ ಬಿತ್ತು. ಅಕ್ಕ ಮೂಗು ಮುಚ್ಚಿಕೊಂಡು ಪೆಟ್ಟಿಗೆಯ ಹಿಂದೆ ನಡೆದಳು.

ಎಲ್ಲರೂ ಹೋದ ಮೇಲೆ ಅವಳು ಕೋಣೆಗೆ ಬಂದು ಹಾಸಿಗೆ ಸುತ್ತಿದಳು. ತೆರೆದ ಕಿಟಕಿಯಿಂದ ನಾಲ್ಕಾರು ಬಿಳಿ ಎಸಳು ಹಾರಿ ಬಂದು ಮಂಚದ ಹಲಗೆಯ ಮೇಲೆ ಬಿದ್ದಿದ್ದವು. ಅವನ್ನು ಅಲ್ಲೇ ಬಿಟ್ಟಳು.

*

ಅವನು ಹಾಸಿಗೆ ಹಿಡಿದಾಗ ಮಂಚವನ್ನು ಕಿಟಕಿಯ ಬಳಿಗೆ ತಳ್ಳಿದವಳು ಅವಳೇ. ಗಾಳಿ ಬೆಳಕು ಬೇಕು ಎಂದು ಡಾಕ್ಟರೂ ಹೇಳಿದ್ದರು. ಹೊರಗೆ ಬರೀ ಕಡ್ಡಿಗಳಿದ್ದವು. ಅವನು ನೋಡಿ, ಎಡಗೈಯ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ ತೋರಿಸಿದ. ಅವಳು ಆ ಕೈಯನ್ನು ಹಿಡಿದು ಒರೆಸಿ ಹೊದಿಕೆಯೊಳಗೆ ಇಟ್ಟಳು.

ಕಡ್ಡಿಗಳ ಮೇಲೆ ಗಂಟು ಮೂಡಿದವು, ಗಂಟು ಮೊಗ್ಗಾಯಿತು. ಅವಳು ಕಿಟಕಿಯ ಪರದೆಯನ್ನು ಒಗೆಯಲು ತೆಗೆದಳು, ಮತ್ತೆ ಹಾಕಲಿಲ್ಲ. ಮೊದಲ ಹೂ ಅರಳಿದ ದಿನ ಅವನು ಕಷ್ಟಪಟ್ಟು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಅವಳು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿ ಕನ್ನಡಿ ತಂದಳು. ಗೋಡೆಗೆ ಮೊಳೆ ಹೊಡೆದು, ಅವನ ದಿಂಬಿನ ಮೇಲೆ ತಾನು ತಲೆಯಿಟ್ಟು ನೋಡಿ, ಕನ್ನಡಿಯನ್ನು ಒಂದಿಷ್ಟು ಓರೆ ಮಾಡಿದಳು. ಈಗ ಈ ಕಡೆ ತಿರುಗಿದರೂ ಹೂವು, ಆ ಕಡೆ ತಿರುಗಿದರೂ ಹೂವು.

ಅವನು ಕಣ್ಣು ಮುಚ್ಚಿದಾಗ ಅವಳು ಗಂಜಿಯ ಚಮಚವನ್ನು ತುಟಿಗೆ ತಾಗಿಸುತ್ತಿದ್ದಳು. ಕಣ್ಣು ಬಿಡಲೇಬೇಕಾಗುತ್ತಿತ್ತು.

ಕೊನೆಯ ಬೆಳಿಗ್ಗೆ ಗಾಳಿಯಿತ್ತು. ಕನ್ನಡಿಯ ತುಂಬ ಬಿಳಿ ಅಲ್ಲಾಡುತ್ತಿತ್ತು. ಅವಳು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನ ನಾಲಿಗೆ ಬಹಳ ಹೊತ್ತು ತಡವರಿಸಿತು. ಆಮೇಲೆ ಮಾತು ಸ್ಪಷ್ಟವಾಗಿಯೇ ಬಂತು.

"ಆ ಕನ್ನಡಿ ಸ್ವಲ್ಪ ತೆಗೀತೀಯಾ?"