ಸೇತುವೆಯ ಮೇಲೆ ಕೂಗಿದ ಯಂತ್ರ

ಸೋಮವಾರ ಬರಬೇಕಿದ್ದ ಸೀಸದ ಡಬ್ಬಿ ಬರಲಿಲ್ಲ. ವಿಮಾನವೇ ಬರಲಿಲ್ಲ ಎಂದ ಮೇಲೆ ಡಬ್ಬಿ ಎಲ್ಲಿಂದ ಬರಬೇಕು?

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪರಮಾಣು ವೈದ್ಯಕೀಯ ವಿಭಾಗ ಎಂಬ ದೊಡ್ಡ ಹೆಸರಿನ ನಾಲ್ಕು ಸಣ್ಣ ಕೋಣೆಗಳಿದ್ದವು. ಅಲ್ಲಿ ಇಪ್ಪತ್ತಾರು ವರ್ಷಗಳಿಂದ ಟೆಕ್ನಿಷಿಯನ್ ಆಗಿದ್ದವಳನ್ನು ಎಲ್ಲರೂ ಮೀಟರಕ್ಕ ಎನ್ನುತ್ತಿದ್ದರು. ವಿಕಿರಣ ಅಳೆಯುವ ಕೈಮೀಟರು ಅವಳ ಕೋಟಿನ ಜೇಬು ಬಿಟ್ಟು ಇಳಿದದ್ದನ್ನು ಕಂಡವರಿಲ್ಲ. ಊಟಕ್ಕೆ ಹೋದರೂ ಅದು ಜತೆಗೇ. "ಅನ್ನ ಬೆಂದಿದೆಯೋ ಇಲ್ಲವೋ ಅಂತಾನೂ ಅದನ್ನೇ ಕೇಳ್ತೀಯೇನಕ್ಕ?" ಎಂದು ನರ್ಸುಗಳು ರೇಗಿಸುತ್ತಿದ್ದರು.

ಆ ವರ್ಷ ಅವಳ ದೇಶದ ಸರಕಾರ, ಯುರೇನಿಯಂ ಅನ್ನು ಇನ್ನು ತನ್ನ ಅಣು ಸ್ಥಾವರದಲ್ಲೇ ಸಂವರ್ಧನೆ ಮಾಡಿಕೊಳ್ಳುತ್ತೇನೆ, ಯಾರಪ್ಪಣೆಯೂ ಬೇಕಿಲ್ಲ ಎಂದು ಸಾರಿತ್ತು. ಹಾಗೇನಾದರೂ ಮಾಡಿದರೆ ಸ್ಥಾವರವನ್ನೇ ನೆಲಸಮ ಮಾಡುತ್ತೇವೆ ಎಂದು ನದಿಯಾಚೆಯ ದೇಶ ಗುಡುಗಿತ್ತು. ಎರಡು ತಿಂಗಳು ಟೀವಿಯಲ್ಲಿ ಬರೀ ಮಾತು. ಆಮೇಲೆ ವಿಮಾನಗಳು ನಿಂತವು. ಸೈನ್ಯದ ಲಾರಿಗಳು ಬಂದು ನದಿಯ ಎರಡೂ ದಡದಲ್ಲಿ ಸಾಲುಗಟ್ಟಿದವು.

ಆ ಡಬ್ಬಿಗಾಗಿ ಕಾಯುತ್ತಿದ್ದವಳು ಒಬ್ಬ ಭೂಗೋಳದ ಟೀಚರ್. ವಯಸ್ಸು ಮೂವತ್ತನಾಲ್ಕು. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಆಗಿ ಗ್ರಂಥಿಯನ್ನು ತೆಗೆದಿದ್ದರು. ಕತ್ತಿನಲ್ಲಿ ಉಳಿದಿರಬಹುದಾದ ಚೂರುಪಾರನ್ನು ಸುಡಲು, ಆ ಡಬ್ಬಿಯಲ್ಲಿ ಬರುವ, ವಿಕಿರಣ ತುಂಬಿದ ಅಯೋಡಿನ್ ಕ್ಯಾಪ್ಸೂಲ್ ಒಂದನ್ನು ನುಂಗಬೇಕಿತ್ತು. ಅದು ನಾಟಬೇಕಾದರೆ ದಿನವೂ ನುಂಗುವ ಥೈರಾಯ್ಡ್ ಮಾತ್ರೆಯನ್ನು ವಾರಗಟ್ಟಲೆ ಬಿಡಬೇಕು. ಟೀಚರ್ ಬಿಟ್ಟು ನಾಲ್ಕು ವಾರ ದಾಟಿತ್ತು. ಸುಡುಬಿಸಿಲಲ್ಲೂ ಶಾಲು ಹೊದ್ದು ಕೂರುತ್ತಿದ್ದಳು. ಮುಖ ಊದಿತ್ತು. ದನಿ ಕಲ್ಲು ಕಟ್ಟಿದ ಹಾಗೆ ನಿಧಾನವಾಗಿತ್ತು. ತರಗತಿಯ ಮಕ್ಕಳ ಹೆಸರೇ ನೆನಪಾಗದೆ ಒಂದು ದಿನ ಹಾಜರಿ ಪುಸ್ತಕದ ಮುಂದೆ ಅತ್ತುಬಿಟ್ಟಿದ್ದಳು.

"ಮಾತ್ರೆ ಮತ್ತೆ ಶುರು ಮಾಡಲಿ. ವಿಮಾನ ಬಂದಾಗ ನೋಡೋಣ," ಎಂದರು ದೊಡ್ಡ ಡಾಕ್ಟರು.

ಮೀಟರಕ್ಕ ಫೋನು ತೆಗೆದುಕೊಂಡಳು. ನದಿಯಾಚೆಯ ಊರಿನ ಆಸ್ಪತ್ರೆಯಲ್ಲೂ ಅವಳದೇ ಕೆಲಸ ಮಾಡುವವನೊಬ್ಬನಿದ್ದ. ಹನ್ನೊಂದು ವರ್ಷಗಳಿಂದ ತಿಂಗಳಿಗೊಮ್ಮೆ ಇಬ್ಬರೂ ತಮ್ಮ ಮೀಟರುಗಳ ಅಳತೆಯನ್ನು ಫೋನಿನಲ್ಲೇ ತಾಳೆ ನೋಡುತ್ತಿದ್ದರು. ಮುಖ ಕಂಡವರಲ್ಲ. ಆದರೆ ಅವನಿಗೆ ನೆಗಡಿಯಾಗಿದ್ದರೆ 'ಹಲೋ' ಅನ್ನುವಷ್ಟರಲ್ಲೇ ಇವಳಿಗೆ ತಿಳಿಯುತ್ತಿತ್ತು.

"ಕ್ಯಾಪ್ಸೂಲ್ ನಮ್ಮಲ್ಲಿದೆ ಮೇಡಂ. ಕಳಿಸೋಕೆ ಮಾತ್ರ ಆಗಲ್ಲ," ಎಂದ ಅವನು. "ಪರಮಾಣು ಅಂತ ಬರೆದಿರೋ ಡಬ್ಬಿ ಸೇತುವೆ ಹತ್ತಿರ ತಗೊಂಡು ಹೋದ್ರೆ ನನ್ನನ್ನೇ ಒಳಗೆ ಹಾಕ್ತಾರೆ. ಒಂದು ಕೆಲಸ ಮಾಡಿ. ಔಷಧಿ ಆ ಕಡೆ ಬರದಿದ್ರೆ ಹಾಳಾಗಿ ಹೋಗ್ಲಿ, ಪೇಷಂಟನ್ನೇ ಈ ಕಡೆ ಕಳಿಸಿ."

"ತಲೆ ನೆಟ್ಟಗಿದೆಯಾ ನಿಮಗೆ?"

"ಆಂಬುಲೆನ್ಸ್ ಒಂದನ್ನ ಇನ್ನೂ ಬಿಡ್ತಿದ್ದಾರೆ. ಎಷ್ಟು ದಿನ ಬಿಡ್ತಾರೋ ಗೊತ್ತಿಲ್ಲ. ಬೇಗ ಯೋಚನೆ ಮಾಡಿ."

ಟೀಚರ ಗಂಡ ಕನ್ನಡಕದ ಅಂಗಡಿಯವನು, ಮೆದು ಸ್ವಭಾವದವನು. ಈ ಮಾತು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟ. "ಮೂರು ದಿನ ಆ ಕಡೆ, ಅದೂ ಮೈಯ ವಿಕಿರಣ ಇಳಿಯೋವರೆಗೆ ಬೀಗ ಹಾಕಿದ ಕೋಣೇಲಿ! ನಡುವೆ ಗುಂಡು ಹಾರಿದ್ರೆ ಇವಳನ್ನ ಯಾರು ತಂದುಕೊಡ್ತಾರೆ ನನಗೆ?"

ಟೀಚರ್ ಶಾಲು ಸರಿಪಡಿಸಿಕೊಂಡಳು. ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ಹೇಳಿದಳು. "ಇಲ್ಲೇ ಇದ್ರೂ ಹಾರೋ ಗುಂಡು ನಿಮ್ಮನ್ನ ಕೇಳಿ ಹಾರುತ್ತೇನ್ರೀ? ಮತ್ತೆ ಮಾತ್ರೆ ಶುರು ಮಾಡಿ, ಮತ್ತೆ ಬಿಟ್ಟು, ಇನ್ನೊಂದು ಸಲ ಹೀಗೆ ಹೆಣದ ಹಾಗೆ ಬಿದ್ದಿರೋಕೆ ನನ್ನ ಕೈಲಿ ಆಗಲ್ಲ. ಹೋಗ್ತೀನಿ. ನೀವು ಮಗೂನ ನೋಡ್ಕೊಳ್ಳಿ."

ಬುಧವಾರ ಬೆಳಿಗ್ಗೆ ನದಿಯಾಚೆಯ ಆಂಬುಲೆನ್ಸ್ ಬಂದು ಅವಳನ್ನು ಕರೆದೊಯ್ಯಿತು. ಸಂಜೆ ಫೋನು ಬಂತು. "ನುಂಗಿದ್ರು. ವಾಂತಿ ಇಲ್ಲ, ಏನಿಲ್ಲ. ಮೂರನೇ ಮಹಡಿ ಕೋಣೆ, ಕಿಟಕಿಯಿಂದ ನಿಮ್ಮೂರು ಕಾಣುತ್ತೆ. ಗಾಜಿಗೆ ಮುಖ ಒತ್ತಿಕೊಂಡು ಕೂತಿದ್ದಾರೆ."

ಶನಿವಾರ ಹನ್ನೊಂದಕ್ಕೆ ಅವಳು ವಾಪಸ್ಸು ಬರಬೇಕಿತ್ತು. ಮೀಟರಕ್ಕ ಟೀಚರ ಗಂಡನ ಜತೆ ಸೇತುವೆಗೆ ಹೋದಳು. ಇನ್ನೂ ಕೆಲವು ದಿನ ಮಗುವನ್ನು ಹತ್ತಿರ ಸೇರಿಸಬಾರದು, ನೀವೂ ಎರಡು ಮೀಟರು ದೂರವಿರಬೇಕು, ಬೇರೆ ಮಲಗಬೇಕು ಎಂದೆಲ್ಲ ದಾರಿಯಲ್ಲಿ ಅವನಿಗೆ ಹೇಳುತ್ತಲೇ ಇದ್ದಳು. ಸೇತುವೆಯ ತುದಿ ಕಂಡದ್ದೇ ಅವಳ ಮಾತು ನಿಂತಿತು.

ಬುಧವಾರ ಇಲ್ಲದಿದ್ದ ಎರಡು ಬೂದುಬಣ್ಣದ ಕಂಬಗಳು ರಸ್ತೆಯ ಎಡಬಲಕ್ಕೆ ನಿಂತಿದ್ದವು. ಅವೇನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಚೆಯವರು ಅಣುವಸ್ತು ಸಾಗಿಸಿ ತಂದು ಸ್ಫೋಟಿಸುತ್ತಾರೆ ಎಂಬ ಸುದ್ದಿ ಹಬ್ಬಿದ ಮೇಲೆ ಸೈನ್ಯ ನೆಟ್ಟಿದ್ದ ವಿಕಿರಣ ಪತ್ತೆ ಯಂತ್ರ. ಟೀಚರ ಮೈಯಲ್ಲಿ ಉಳಿದಿರುವ ಅಯೋಡಿನ್ ಯಾರಿಗೂ ಕೆಡುಕು ಮಾಡುವಷ್ಟಿರಲಿಲ್ಲ. ಆದರೆ ಇಂಥ ಯಂತ್ರ ಕೂಗಲು ಅಷ್ಟೇ ಸಾಕಿತ್ತು.

"ಕ್ಯಾಪ್ಟನ್ನರನ್ನ ಕರೀರಿ, ಬೇಗ!" ಎಂದು ಅವಳು ಕಾವಲಿನವನಿಗೆ ಹೇಳಿದಳು.

"ಸಾಹೇಬ್ರು ಕೆಲಸದಲ್ಲಿದ್ದಾರೆ. ಹಿಂದೆ ನಿಲ್ಲಿ."

ಅಷ್ಟರಲ್ಲಿ ಬಿಳಿಯ ಆಂಬುಲೆನ್ಸ್ ಸೇತುವೆ ದಾಟಿ ಕಂಬಗಳ ನಡುವೆ ಬಂತು. ಯಂತ್ರ ಕಿವಿ ಹರಿಯುವಂತೆ ಕೂಗಿಕೊಂಡಿತು. ಮರಳುಮೂಟೆಗಳ ಹಿಂದಿನಿಂದ ಇಪ್ಪತ್ತು ಬಂದೂಕುಗಳು ಒಮ್ಮೆಗೇ ಎದ್ದವು. ತಮ್ಮ ಆಂಬುಲೆನ್ಸನ್ನು ಸೈನಿಕರು ಮುತ್ತಿದ್ದು ಕಂಡು ಆಚೆ ದಡದಲ್ಲೂ ಬಂದೂಕುಗಳು ಎದ್ದವು. ಸೇತುವೆಯ ಕಂಬಿಯ ಮೇಲೆ ಕುಳಿತಿದ್ದ ಕಾಗೆಗಳೆಲ್ಲ ಹಾರಿಹೋದವು.

ಎಳೆಯ ಪ್ರಾಯದ ಕ್ಯಾಪ್ಟನ್ ಓಡಿಬಂದ. ಬೆವರು ಅವನ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಧ್ವನಿವರ್ಧಕದಲ್ಲಿ, "ಗಾಡಿಯಿಂದ ಯಾರೂ ಇಳೀಬೇಡಿ! ಇಳಿದ್ರೆ ಗುಂಡು ಹಾರಿಸ್ತೀವಿ!" ಎಂದು ಕೂಗಿದ.

ಮೀಟರಕ್ಕ ರಸ್ತೆಗೆ ಅಡ್ಡ ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ ಅವನೆದುರು ನಿಂತಳು. ಆಮೇಲೆ ಅವಳಿಗೆ ತಾನು ಹಾಗೆ ನುಸುಳಿದ್ದೇ ನೆನಪಿರಲಿಲ್ಲ.

"ಒಳಗೇನಿದೆ? ಬಾಂಬಾ?" ಕ್ಯಾಪ್ಟನ್ ಕೇಳಿದ.

"ಥೈರಾಯ್ಡು, ಸಾರ್!"

"ಏನು?"

"ನಮ್ಮೂರಿನ ಟೀಚರು. ಕ್ಯಾನ್ಸರಿಗೆ ಅಣು ಔಷಧಿ ನುಂಗಿದ್ದಾರೆ. ಆಸ್ಪತ್ರೆಯ ಕಾಗದ ಅವರ ಹತ್ತಿರ ಇದೆ. ನಿಮ್ಮ ಯಂತ್ರ ಅವರ ಕತ್ತು ನೋಡಿ ಕೂಗ್ತಿದೆ."

"ನಾನು ಹೇಗೆ ನಂಬಲಿ? ಕಾಗದ ಯಾರು ಬೇಕಾದ್ರೂ ಬರೀಬಹುದು."

"ಕಾಗದ ನಂಬಬೇಡಿ. ಕಿವಿ ನಂಬಿ," ಎಂದು ಮೀಟರಕ್ಕ ತನ್ನ ಮೀಟರು ತೆಗೆದಳು. "ಅವರನ್ನ ಗಾಡಿಯಿಂದ ಹತ್ತು ಹೆಜ್ಜೆ ದೂರ ನಡೆಸಿ. ನಾನು ಜತೆಗೆ ಹೋಗ್ತೀನಿ. ಈ ಮೀಟರಿನ ಶಬ್ದ ಗಾಡೀಲೇ ಉಳಿದ್ರೆ ನನ್ನನ್ನೂ ಸೇರಿಸಿ ಹೊಡೀರಿ."

ಕ್ಯಾಪ್ಟನ್ ಅವಳ ಮುಖವನ್ನೂ ಆಚೆ ದಡವನ್ನೂ ನೋಡಿ, ತಲೆಯಾಡಿಸಿದ.

ಬಾಗಿಲು ತೆರೆಯಿತು. ಶಾಲು ಹೊದ್ದ ಟೀಚರ್ ಬಂದೂಕುಗಳ ನಡುವೆ ಕಾಲು ಕೆಳಗಿಟ್ಟಳು. ಮೀಟರಕ್ಕ ಅವಳ ತೋಳು ಹಿಡಿದಳು. ತೋಳು ತಣ್ಣಗಿತ್ತು. "ಸುಮ್ನೆ ನನ್ನ ಜತೆ ನಡೀರಿ ಟೀಚರ್. ಎಣಿಸ್ತಾ ಬನ್ನಿ." ಒಂದು, ಎರಡು ಎಂದು ಟೀಚರ್ ಪುಟ್ಟ ಮಕ್ಕಳಿಗೆ ಹೇಳಿಕೊಡುವ ಹಾಗೆ ಗಟ್ಟಿಯಾಗಿ ಎಣಿಸಿದಳು. ಕೈಮೀಟರಿನ ಟಿಕ್ ಟಿಕ್ ಅವಳ ಜತೆಗೇ ನಡೆಯಿತು. ಹತ್ತಾದ ಮೇಲೆ ಅವಳನ್ನು ಅಲ್ಲೇ ನಿಲ್ಲಿಸಿ ಮೀಟರಕ್ಕ ಮೀಟರನ್ನು ಕ್ಯಾಪ್ಟನ್ನನ ಕೈಗೇ ಕೊಟ್ಟಳು. ಅವನು ಆಂಬುಲೆನ್ಸಿನ ಚಕ್ರಕ್ಕೆ, ಸೀಟಿನ ಕೆಳಗೆ, ಎಂಜಿನ್ನಿಗೆ ಹಿಡಿದು ನೋಡಿದ. ಆಗೊಮ್ಮೆ ಈಗೊಮ್ಮೆ ಒಂದು ಟಿಕ್, ಅಷ್ಟೇ. ಟೀಚರ ಕಡೆ ತಿರುಗಿಸಿದ. ಮತ್ತೆ ಚಟಪಟ ಶುರುವಾಯಿತು.

"ಅಯ್ಯೋ," ಎಂದ ಕ್ಯಾಪ್ಟನ್, ತಾನು ಸೈನ್ಯದ ಅಧಿಕಾರಿ ಎಂಬುದನ್ನೇ ಮರೆತವನಂತೆ. "ಇವರೇ!"

ಆದರೆ ಆಚೆ ದಡದ ಬಂದೂಕುಗಳು ಇಳಿದಿರಲಿಲ್ಲ. ಎರಡು ದಡಗಳ ಕಾವಲು ಠಾಣೆಗಳ ನಡುವಿನ ಫೋನಿನ ತಂತಿಯನ್ನು ಕತ್ತರಿಸಿ ವಾರವಾಗಿತ್ತು. ಮೀಟರಕ್ಕ ತನ್ನ ಮೊಬೈಲಿನಲ್ಲಿ ಆಚೆ ಆಸ್ಪತ್ರೆಯ ಗೆಳೆಯನ ನಂಬರು ಒತ್ತಿದಳು. ಟೀಚರನ್ನು ಕಳಿಸಲು ಬಂದಿದ್ದ ಅವನು ಆಚೆ ತುದಿಯಲ್ಲೇ ನಿಂತಿದ್ದ.

"ನಿಮ್ಮ ಅಧಿಕಾರಿಗೆ ಫೋನು ಕೊಡಿ. ನಾನು ನಮ್ಮವರಿಗೆ ಕೊಡ್ತೀನಿ."

ಕ್ಯಾಪ್ಟನ್ ಫೋನನ್ನು ಹಾವು ಹಿಡಿದಂತೆ ಹಿಡಿದುಕೊಂಡ. ಗಂಟಲು ಸರಿಮಾಡಿಕೊಂಡ. "ಹಲೋ... ಹೌದು, ನಾನೇ. ನಿಮ್ಮ ಗಾಡಿಗೆ ಏನೂ ಆಗಿಲ್ಲ. ನಮ್ಮ ಯಂತ್ರ ಸ್ವಲ್ಪ ಜಾಸ್ತಿ ಹುಷಾರು... ಇಲ್ಲ, ಕ್ಯಾನ್ಸರ್ ಪೇಷಂಟು." ಕೊಂಚ ಹೊತ್ತು ಕೇಳಿಸಿಕೊಂಡ. "ಹೌದಾ? ನಿಮ್ಮ ತಾಯಿಗೂನಾ? ಈಗ ಹೇಗಿದ್ದಾರೆ?"

ಅವನು ಕೈ ಎತ್ತಿ ಕೆಳಗಿಳಿಸಿ ಸನ್ನೆ ಮಾಡಿದ. ಈ ದಡದ ಬಂದೂಕುಗಳು ಇಳಿದವು. ಸ್ವಲ್ಪ ಹೊತ್ತಿಗೆ ಆ ದಡದವೂ. ಟೀಚರ ಗಂಡ ಓಡಿಬಂದವನು ಎರಡು ಮೀಟರು ದೂರದಲ್ಲೇ ಗಕ್ಕನೆ ನಿಂತ. ದಾರಿಯಲ್ಲಿ ಕೇಳಿದ್ದ ಪಾಠ ನೆನಪಾಗಿತ್ತು. ಅಷ್ಟು ದೂರದಿಂದಲೇ, "ಬಂದ್ಯಾ?" ಎಂದ. ಅವಳು, "ಬಂದೆ ಕಣ್ರೀ," ಎಂದಳು. ಇಬ್ಬರೂ ಅಲ್ಲಲ್ಲೇ ನಿಂತು ಅತ್ತರು.

ಆ ದಿನ ಕ್ಯಾಪ್ಟನ್ ಮೇಲಧಿಕಾರಿಗಳಿಗೆ ಎರಡು ಪುಟದ ವರದಿ ಬರೆದ. ಬೈಗುಳ ಬಂತು. ಬೈಗುಳದ ಜತೆಗೇ ಒಂದು ಆದೇಶವೂ ಬಂತು: ಇನ್ನು ರೋಗಿ ದಾಟುವ ಮುನ್ನ ಎರಡೂ ಠಾಣೆಗಳು ಪರಸ್ಪರ ತಿಳಿಸತಕ್ಕದ್ದು. ತಿಳಿಸಲು ಫೋನು ಬೇಕಲ್ಲ? ಕತ್ತರಿಸಿದ್ದ ತಂತಿಯನ್ನು ಮತ್ತೆ ಜೋಡಿಸಿದರು. ಆ ಬೇಸಿಗೆಯಲ್ಲಿ ಹದಿಮೂರು ರೋಗಿಗಳು ದಾಟಿ ಬಂದರು. ಹದಿಮೂರು ಸಲವೂ ಯಂತ್ರ ಕೂಗಿತು, ಒಂದು ಬಂದೂಕೂ ಏಳಲಿಲ್ಲ. ಎರಡೂ ದೇಶಗಳವರು ಮಾತುಕತೆಗೆ ದೂರದ ಊರಲ್ಲಿ ಮೇಜು ಹಾಕಿದರು, ಎದ್ದರು, ಮತ್ತೆ ಕೂತರು. ಯಾವುದೂ ಪೂರ್ತಿ ಬಗೆಹರಿಯಲಿಲ್ಲ. ಆದರೂ ಮಳೆಗಾಲಕ್ಕೆ ಮೊದಲು ಅರ್ಧದಷ್ಟು ಲಾರಿಗಳು ದಡ ಬಿಟ್ಟು ಹೋದವು.

ಟೀಚರ ಸ್ಕ್ಯಾನು ಆರು ತಿಂಗಳ ಮೇಲೆ ಆಯಿತು. ಕತ್ತು ಸ್ವಚ್ಛವಾಗಿತ್ತು. ದನಿ ಹಿಂದಿನಂತೆ ಚುರುಕಾಗಿತ್ತು. ಫಲಿತಾಂಶ ಕೈಯಲ್ಲಿ ಹಿಡಿದು ಹೊರಟವಳಿಗೆ ಬಾಗಿಲ ಬಳಿಯ ಬೆಂಚಿನಲ್ಲಿ ಒಬ್ಬ ಗಾರೆ ಕೆಲಸದವನು ಮೈ ಮುದುಡಿ ಕೂತದ್ದು ಕಂಡಿತು. ಮರುದಿನ ಅವನು ನದಿ ದಾಟಬೇಕಿತ್ತು.

"ನೀವು ಹೋಗಿ ಬಂದವರಂತೆ. ಭಯ ಆಗುತ್ತಾ ಅಮ್ಮ?" ಎಂದು ಕೇಳಿದ.

"ಆಗುತ್ತೆ," ಎಂದು ಅವಳು ಬೆಂಚಿನ ಮೇಲೆ ಅವನ ಪಕ್ಕ ಕೂತಳು. "ಆದ್ರೆ ಅಲ್ಲಿನವರು ಒಳ್ಳೆಯವರು. ಹೇಳ್ತೀನಿ, ಕೇಳಿ."