ಎರಡು ಲಿಫ್ಟು, ಒಂದು ಕ್ಲಾಸು

ಯಾವ ಮಹಡಿಯಲ್ಲಿ ಗುಂಡಿ ಒತ್ತಿದರೂ ಎರಡು ಲಿಫ್ಟೂ ಒಟ್ಟಿಗೆ ಓಡಿಬರುತ್ತಿದ್ದವು. ಮಧ್ಯಾಹ್ನದೊಳಗೆ ಸರಿಹೋಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಕಟ್ಟಡದ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದರು. ಲಿಫ್ಟು ಓಡಿಸುವ ಪ್ರೋಗ್ರಾಮ್ ಬರೆಯಲು ನಾನೂ ಅಕ್ಕನೂ ಸೇರಿ ಕಟ್ಟಿದ ಕಂಪನಿಗೆ ಅವರೊಬ್ಬರೇ ಗಿರಾಕಿ. ಅವರು ಹೋದರೆ ನಾವು ಬಾಗಿಲು ಹಾಕುವುದೇ.

ತಪ್ಪು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಪ್ರೋಗ್ರಾಮಿನ ಲಿಫ್ಟ್ ಕ್ಲಾಸಿನಲ್ಲಿ, ಅಂದರೆ ಎರಡೂ ಲಿಫ್ಟುಗಳಿಗೆ ಅಚ್ಚಾದ ಕೋಡಿನಲ್ಲಿ, ತಾನೀಗ ಯಾವ ಮಹಡಿಯಲ್ಲಿದ್ದೇನೆ ಎಂಬುದನ್ನು ಅಕ್ಕ ಪ್ರೈವೇಟ್ ಮಾಡಿ, ಹೊರಗಿನ ಕೋಡಿಗೆ ಕಾಣದಂತೆ ಬೀಗ ಹಾಕಿ ಕೂತಿದ್ದಳು. ಆ ಒಂದೇ ಅಚ್ಚಿನಿಂದ ಬಂದ ಎರಡು ಲಿಫ್ಟುಗಳಿಗೆ ಒಂದರ ಸುದ್ದಿ ಇನ್ನೊಂದಕ್ಕಿಲ್ಲ, ಯಾವುದು ಹತ್ತಿರವೆಂದು ತಿಳಿಯದೆ ಎರಡೂ ಓಡುತ್ತಿದ್ದವು. ಬೀಗ ತೆಗೆದು ಪಬ್ಲಿಕ್ ಮಾಡೋಣವೆಂದರೆ ಜಪ್ಪಯ್ಯ ಅಂದರೂ ಒಪ್ಪಳು. ಹಿಂದೊಮ್ಮೆ ಹಾಗೆ ಬಿಟ್ಟಾಗ, ಮಹಡಿಯ ಅಂಕಿ ತೋರಿಸುವ ಪರದೆಯ ಕೋಡು ಒಳಗೆ ಕೈಹಾಕಿ ಆ ಅಂಕಿಯನ್ನೇ ಬದಲಿಸಿ, ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು. ಬದಲಿಸಲಾಗದಂತೆ, ಓದಲಿಕ್ಕಷ್ಟೇ ಒಂದು ಕಿಂಡಿಯನ್ನಾದರೂ ಇಡು ಎಂದೆ. ಇವತ್ತು ಇಣುಕಿದವರು ನಾಳೆ ನುಗ್ಗುತ್ತಾರೆ ಎಂದಳು. ಅತ್ತ ದರಿ, ಇತ್ತ ಪುಲಿ.

ಅಕ್ಕ ಇನ್ನಷ್ಟು ಸಮಯ ಕೇಳಲು ಮ್ಯಾನೇಜರ್ ಬಳಿ ಹೋದಳು. ನನಗೆ ಮೈಯೆಲ್ಲ ಉರಿ. ಅವಳ ಬೀಗದ ಕಾಟವನ್ನು, ಕೋಡಿನ ತಪ್ಪು ಹಿಡಿಯುವ ಕಂಪೈಲರ್ ಬಾಯಲ್ಲೇ ಹೇಳಿಸೋಣವೆಂದು, ಆ ಕ್ಲಾಸಿನೊಳಗೇ ಕೂತು, ಒಂದು ಲಿಫ್ಟು ಇನ್ನೊಂದರ ಮಹಡಿಯನ್ನು ನೇರವಾಗಿ ಓದುವ ಸಾಲು ಬರೆದೆ. ಬೈಸಿಕೊಳ್ಳಲೆಂದೇ ಬರೆದದ್ದು. ಬೈಗುಳ ಬರಲಿಲ್ಲ, ಕಂಪೈಲರ್ ಸಾಲನ್ನು ಒಪ್ಪಿಕೊಂಡಿತು.

ಹಾಗಾದರೆ ಹೊರಗಿನವರಿಗೂ ಬಾಗಿಲು ತೆರೆದಿದೆಯೇ ಎಂದು ನೋಡಬೇಕಿತ್ತು. ಅದೇ ಸಾಲನ್ನು ಪರದೆಯ ಕೋಡಿನಲ್ಲಿ ಬರೆದೆ. ತಕ್ಷಣ ಕೆಂಪು, ಒಳಗೆ ಪ್ರವೇಶವಿಲ್ಲ. ಆ ಸಾಲನ್ನು ಅಳಿಸಿ, ಹತ್ತಿರವಿರುವ ಲಿಫ್ಟು ಮಾತ್ರ ಹೊರಡುವಂತೆ ಮಾಡಿ, ಹೊಸ ಪ್ರೋಗ್ರಾಮನ್ನು ಲಿಫ್ಟುಗಳಿಗೆ ಹಾಕಿ, ಮೆಟ್ಟಿಲು ಹಾರಿಕೊಂಡು ಕೆಳಗೆ ಓಡಿದೆ.

"ಅಕ್ಕಾ, ಬೀಗ ಇರೋದು ಒಂದೊಂದು ಲಿಫ್ಟಿಗಲ್ಲ ಕಣೇ, ಕ್ಲಾಸಿಗೆ. ಒಂದೇ ಕ್ಲಾಸಿನವು ಒಂದರೊಳಗೊಂದು ನೋಡ್ಬಹುದು. ಹೊರಗಿನವ್ರಿಗೆ ಮಾತ್ರ ಬಾಗ್ಲು ಬಂದ್."

ಇಷ್ಟು ವರ್ಷ ಬೀಗ ಹಾಕಿದವಳಿಗೆ ಆ ಬೀಗದ ಗುಣವೇ ಗೊತ್ತಿರಲಿಲ್ಲ. ಕಣ್ಣು ಪಿಳಿಪಿಳಿ ಬಿಟ್ಟಳು. ಮ್ಯಾನೇಜರ್ ಮೂರನೆಯ ಮಹಡಿಗೆ ಹೋಗಿ ಗುಂಡಿ ಒತ್ತಿದರು. ಎಡಗಡೆಯದು ಹೊರಟಿತು, ಬಲಗಡೆಯದು ಅಲ್ಲಾಡಲಿಲ್ಲ. ಮತ್ತೆ ಮತ್ತೆ ಒತ್ತಿ ನೋಡಿದರು. ಕೆಲಸ ನಮಗೇ ಉಳಿಯಿತು.

ಅವರು ಅತ್ತ ಹೋದ ಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಹೆಂಗಿದ್ರೂ ಕಂಪನಿ ಮುಚ್ಚುತ್ತೆ ಅಂದ್ಕೊಂಡು, ಬೇರೆ ಕಡೆ ಕೆಲಸಕ್ಕೆ ಬರ್ತೀನಿ ಅಂತ ಒಪ್ಕೊಂಡುಬಿಟ್ಟಿದ್ದೆ ಕಣೇ. ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಆದರೆ ಇನ್ನು ಅವಳು ಹೋಗಬೇಕಿಲ್ಲವೆಂಬ ಖುಷಿ ತಡೆಯಲಾಗಲಿಲ್ಲ. ಬರಲ್ಲ ಅಂತ ಅವರಿಗೆ ಈಗಲೇ ಫೋನ್ ಮಾಡು ಎಂದೆ. ಅವಳಾಗಲೇ ನಂಬರ್ ಒತ್ತುತ್ತಿದ್ದಳು.