ಅದು ನಾನು ಬರೆದದ್ದಲ್ಲ

ಮದುವೆಯಾದ ವರ್ಷ ಶ್ರಾವಣದಲ್ಲಿ ನಾನು ತವರಿಗೆ ಬಂದಿದ್ದೆ. ನಮ್ಮ ಮಿಥಿಲೆಯಲ್ಲಿ ಹೊಸ ಮದುವಣಗಿತ್ತಿ ಆ ತಿಂಗಳು ಮಧುಶ್ರಾವಣಿಗೆ ಕೂರಬೇಕು. ಹದಿಮೂರು ದಿನ ಹಾವುಗಳ ದೇವತೆ ವಿಷಹರಿಯ ಪೂಜೆ, ದಿನಕ್ಕೊಂದು ಕಥೆ. ಸಗಣಿ ಸಾರಿಸಿದ ಕಪ್ಪು ನೆಲದ ಮೇಲೆ ಅಕ್ಕಿಹಿಟ್ಟಿನಲ್ಲಿ ಹಾವುಗಳನ್ನು ಬರೆಯುತ್ತಿದ್ದವಳು ನನ್ನ ಕಾಕಿ ರಾಮಸಖಿ.

ಕಾಕಿ ನಮ್ಮ ತಾತನ ಕಿರಿಯ ಸೊಸೆ. ತಾತನನ್ನು ನಾವು ಬಾಬಾ ಅನ್ನುತ್ತಿದ್ದೆವು. ನಲವತ್ತು ವರ್ಷ ದರ್ಭಂಗಾದ ಪಾಠಶಾಲೆಯೊಂದರಲ್ಲಿ ನ್ಯಾಯಶಾಸ್ತ್ರ, ಅಂದರೆ ತರ್ಕ, ಹೇಳಿಕೊಟ್ಟ ಪಂಡಿತರು, ಹೆಸರು ಜಟಾಧರ ಝಾ. ನಮ್ಮಲ್ಲಿ ಸೊಸೆ ಮಾವನೊಡನೆ ಮಾತಾಡುವಂತಿಲ್ಲ, ಮುಟ್ಟುವಂತೆಯೂ ಇಲ್ಲ. ಮಾವ ಎದುರಾದರೆ ಸೆರಗು ಮೂಗಿನ ತನಕ ಇಳಿಯಬೇಕು. ಹದಿನೆಂಟು ವರ್ಷ ಕಾಕಿ ಹೇಳಬೇಕಾದದ್ದನ್ನೆಲ್ಲ ನನ್ನ ಬಾಯಲ್ಲೇ ಹೇಳಿಸಿದ್ದಳು. "ಬುಚ್ಚಿ, ಬಾಬಾಗೆ ಹೇಳು, ಊಟ ಬಡಿಸಿದೆ ಅಂತ." ಬಾಬಾ ಅಲ್ಲೇ ಕೂತಿರುತ್ತಿದ್ದರು.

ಐದನೆಯ ದಿನ ಮಧ್ಯಾಹ್ನ ಕಥೆ ಮುಗಿದು ಹೆಂಗಸರೆಲ್ಲ ಹೊರಟುಹೋದರು. ಸಂಜೆಯ ಹೂ ಕೊಯ್ಯಲು ಬುಟ್ಟಿ ತರೋಣವೆಂದು ನಾನು ಪೂಜೆಯ ಕೋಣೆಗೆ ಹೋದೆ. ಮಳೆ ಹಿಡಿದು ಕೋಣೆ ಮಬ್ಬಾಗಿತ್ತು. ಚಿತ್ರದ ಅಂಚಿನಲ್ಲಿ ಬೆಳಿಗ್ಗೆ ಇಲ್ಲದ ಒಂದು ಹಾವು ಕಂಡಿತು. ಕಪ್ಪು ಮೈ, ಅದರ ಮೇಲೆ ಕೂದಲೆಳೆಯಂಥ ಬಿಳಿ ಪಟ್ಟೆಗಳು. ಕಾಕಿ ಈಗಷ್ಟೇ ಬರೆದಿರಬೇಕು ಅಂದುಕೊಂಡೆ. ಹಾಗಂದುಕೊಂಡರೂ ಕಾಲು ಮುಂದಕ್ಕೆ ಬರಲಿಲ್ಲ.

ಅಷ್ಟರಲ್ಲಿ ಬಾಬಾ ಕೋಲೂರುತ್ತ ಬಂದರು. ಅವರ ಎರಡೂ ಕಣ್ಣಿಗೆ ಪೊರೆ ಬೆಳೆದಿತ್ತು.

"ಯಾಕೆ ಬುಚ್ಚಿ, ಕಂಬದ ಹಾಗೆ ನಿಂತಿದ್ದೀಯ?"

"ಬಾಬಾ, ಈ ಹಾವು... ನಿಜದ್ದೋ ಏನೋ ಅನ್ನಿಸ್ತಿದೆ."

ಬಾಬಾ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಐದು ದಿನದಿಂದ ಚಿತ್ರದ ಹಾವಿಗೆ ಕೈ ಮುಗಿದೂ ಮುಗಿದೂ ನಿನ್ನ ತಲೆ ಕೆಟ್ಟಿದೆ. ಇಲ್ಲಿ ಕೇಳು. ಗೋಡೆ ಮೇಲಿನ ಕುದುರೆ ನೋಡಿ ಮಗು 'ಕುದುರೆ' ಅನ್ನುತ್ತೆ. ಅದೇನು ಸುಳ್ಳು ಹೇಳ್ತಾ? ಇಲ್ಲ. ನಿಜ ಹೇಳ್ತಾ? ಅದೂ ಇಲ್ಲ. ಹತ್ತಿ ಸವಾರಿ ಮಾಡೋಕೆ ಹೋಗಲ್ಲ ನೋಡು! ಚಿತ್ರ ನೋಡೋದೇ ಒಂದು ಬೇರೆ ಥರದ ನೋಟ."

ಹೇಳುತ್ತಲೇ ಕೋಲನ್ನು ಬದಿಗಿಟ್ಟು, ನೆಲದ ಮೇಲೆ ಕೂತು, ಮುಂದಕ್ಕೆ ಬಾಗಿದರು. "ಆಹಾ! ನಿನ್ನ ಕಾಕಿಯ ಕೈ ನೋಡು. ಎಂಥ ಗೆರೆ! ಮುಟ್ಟು, ಒಣಗಿದ ಹಿಟ್ಟು ಕೈಗೆ ಹತ್ತುತ್ತೆ. ಆಗ ನಿನ್ನ ಭಯ ಹೋಗುತ್ತೆ." ಬಲಗೈ ಚಾಚಿದರು.

ಬಾಗಿಲಲ್ಲಿ ಕಾಕಿ ನಿಂತಿದ್ದಳು, ಕೈಯಲ್ಲಿ ಹಿಟ್ಟಿನ ಬಟ್ಟಲು.

"ಬುಚ್ಚಿ," ಎಂದಳು ಮೆಲ್ಲಗೆ, "ಬಾಬಾಗೆ ಹೇಳು, ಕೈ ಹಿಂದಕ್ಕೆ ತಗೋಬೇಕು ಅಂತ."

ನನ್ನ ನಾಲಿಗೆ ಏಳಲಿಲ್ಲ. ಬಾಬಾ ತಮ್ಮ ಪಾಠದಲ್ಲೇ ಇದ್ದರು. ಅವರ ಬೆರಳಿಗೂ ಆ ಪಟ್ಟೆಗಳಿಗೂ ನಡುವೆ ಒಂದು ಗೇಣು ಉಳಿದಿತ್ತು, ಆಮೇಲೆ ಅಷ್ಟೂ ಉಳಿಯಲಿಲ್ಲ.

"ಬಾಬೂಜಿ!"

ಕಾಕಿಯ ಅಷ್ಟು ದೊಡ್ಡ ದನಿಯನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಬಾಬಾ ಕೂತಲ್ಲೇ ಬೆಚ್ಚಿದರು. ಕೈ ಗಾಳಿಯಲ್ಲೇ ಉಳಿಯಿತು.

"ಅಲ್ಲಾಡಬೇಡಿ. ಅದು ನಾನು ಬರೆದದ್ದಲ್ಲ."

ಪಟ್ಟೆಗಳು ಒಂದರ ಹಿಂದೊಂದು ಸರಿದವು. ಸುರುಳಿಯ ಅಡಿಯಿಂದ ತಲೆ ಹೊರಬಂತು. ಕಟ್ಟುಹಾವು. ಅದು ಕಚ್ಚಿದವರು ಬೆಳಗಾಗುವುದರೊಳಗೆ ಸತ್ತದ್ದನ್ನು ನಮ್ಮ ಓಣಿಯಲ್ಲೇ ಕಂಡಿದ್ದೆವು. ಬಾಬಾನ ತೋಳು ಸೋತು ಇಳಿಯತೊಡಗಿತು. ಕಾಕಿ ಬಟ್ಟಲನ್ನು ನೆಲಕ್ಕಿಟ್ಟಳು, ಸದ್ದಾಗಲಿಲ್ಲ. ಹಿಂದಿನಿಂದ ಬಂದು ಒಂದು ಕೈಯಿಂದ ಬಾಬಾನ ಮಣಿಕಟ್ಟನ್ನೂ ಇನ್ನೊಂದರಿಂದ ಎದೆಯನ್ನೂ ಹಿಡಿದು ತನ್ನ ಮೈಗೆ ಆನಿಸಿಕೊಂಡಳು. ಸೆರಗು ಜಾರಿತ್ತು. ಮಗುವನ್ನು ತೊಟ್ಟಿಲಿಂದ ಎತ್ತುವಷ್ಟು ನಿಧಾನವಾಗಿ ಹಿಂದಕ್ಕೆಳೆದಳು. ಬಾಬಾನ ಮಂಡಿ ಲಟಕ್ಕೆಂದಿತು. ಹಾವಿನ ತಲೆ ನೆಟ್ಟಗಾಯಿತು. ಮೂವರೂ ಉಸಿರು ಬಿಗಿಹಿಡಿದೆವು. ಎಷ್ಟು ಹೊತ್ತೋ. ಕೊನೆಗೆ ಅದು ತಲೆಯನ್ನು ಮತ್ತೆ ಸುರುಳಿಯೊಳಗೆ ತೂರಿಸಿಕೊಂಡಿತು.

ನಾವು ಹೊರಗೆ ಬಂದ ಮೇಲೆ ಪಕ್ಕದ ಮನೆಯ ಲೂಟನ್ ಉದ್ದದ ಬಿದಿರುಗೋಲಿನಿಂದ ಹಾವನ್ನು ಮಡಕೆಗೆ ತಳ್ಳಿ, ದೂರದ ಬಿದಿರು ಮೆಳೆಯಲ್ಲಿ ಬಿಟ್ಟುಬಂದ. ವಿಷಹರಿಯ ತಿಂಗಳಲ್ಲಿ ಕೊಲ್ಲುವವರಾರು?

ಕಾಕಿ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಹಾವಿಗೆ ಹೆದರಿಯಲ್ಲ, ಮಾವನನ್ನು ಮುಟ್ಟಿದ್ದಕ್ಕೆ. ನಾವು ದಾದಿ ಅನ್ನುತ್ತಿದ್ದ ಅಜ್ಜಿ ಬೇರೆ "ಸೊಸೆ ಮಾವನ್ನ ತಬ್ಬಿಕೊಳ್ಳೋದೇ? ಊರವರಿಗೆ ಏನು ಹೇಳಲಿ?" ಎಂದು ಶುರುಮಾಡಿದ್ದಳು.

"ಮುದುಕ ಬದುಕಿದ ಅಂತ ಹೇಳು," ಎಂದರು ಬಾಬಾ ಜಗಲಿಯಿಂದ. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕರೆದರು. "ಬುಚ್ಚಿ, ನಿನ್ನ ಕಾಕಿಯನ್ನ ಕೇಳು..." ಅಲ್ಲಿಗೇ ನಿಲ್ಲಿಸಿ, ತಾವೇ ಅಡುಗೆಮನೆಯ ಬಾಗಿಲ ಹತ್ತಿರ ಹೋದರು. "ಅಮ್ಮಾ, ನಿನಗೆ ಹೇಗೆ ಗೊತ್ತಾಯ್ತು? ಇವಳ ಕಣ್ಣು ಚೆನ್ನಾಗೇ ಇದೆ, ಇವಳಿಗೂ ಗೊತ್ತಾಗಲಿಲ್ಲ."

ಕಾಕಿ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು. ಆಮೇಲೆ ಬಾಗಿಲ ಮರೆಯಿಂದ, "ನಾನು ಬರೆದದ್ದು ನನಗೆ ಬರೀ ಹಾವಾಗಿ ಕಾಣೋದೇ ಇಲ್ಲ, ಬಾಬೂಜಿ. ಇಲ್ಲಿ ಹಿಟ್ಟು ತೆಳುವಾಯ್ತು, ಇಲ್ಲಿ ಬೆರಳು ಜಾರಿತು, ಎಲ್ಲ ಜೊತೆಗೇ ಕಾಣುತ್ತೆ. ಅದರಲ್ಲಿ ಅಂಥದ್ದು ಏನೂ ಇರಲಿಲ್ಲ. ಹಾವು ಬಿಟ್ಟು ಬೇರೇನೂ ಕಾಣಲಿಲ್ಲ. ಅದಕ್ಕೇ ಎದೆ ಝಲ್ ಅಂತು."

ಬಾಬಾ ಹೊಸ್ತಿಲ ಈಚೆಗೆ ನೆಲದ ಮೇಲೇ ಕೂತುಬಿಟ್ಟರು. "ನೋಡುವವನ ಬಗ್ಗೆ ನಲವತ್ತು ವರ್ಷ ಪಾಠ ಹೇಳಿದೆ," ಎಂದರು. "ಬರೆಯೋರನ್ನ ಒಂದು ಮಾತು ಕೇಳಬೇಕು ಅಂತ ಹೊಳೀಲಿಲ್ಲ. ಇನ್ನೊಂದು ಸಲ ಹೇಳು, ನಿಧಾನಕ್ಕೆ."

ಕಾಕಿ ಹೇಳಿದಳು. ಮರುದಿನವೂ ಬಾಬಾ ಅಲ್ಲೇ ಬಂದು ಕೂತರು, ಅದರ ಮರುದಿನವೂ. ದಾದಿ ಮೂರು ದಿನ ಗೊಣಗಿದಳು. ನಾಲ್ಕನೆಯ ದಿನ ಒಂದು ಮೊರ ತುಂಬ ಹೆಸರುಬೇಳೆ ತಂದು, ಅದನ್ನು ಆರಿಸುವ ನೆಪದಲ್ಲಿ ತಾನೂ ಕೇಳುತ್ತ ಕೂತಳು.